ಕವಿಕಲ್ ಗಂಡಿ ಇಳಿಜಾರಿನಲ್ಲಿ ಐವತ್ತು ನಿಮಿಷ: ಒಂದು ಕಾಲೇಜು ಪ್ರವಾಸದ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ಪದವಿ ಕಾಲೇಜು. ಈಚಿನ ಒಂದು ಚಳಿಗಾಲ. 29 ವಿದ್ಯಾರ್ಥಿಗಳು, ಮೂವರು ಮೇಷ್ಟ್ರು, ಎರಡು ಸಣ್ಣ ಟೆಂಪೋ ಟ್ರಾವೆಲರ್. ಯಾರಿಗೂ ಗಾಯವಾಗಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆಗಿದ್ದರೆ ಇದನ್ನು ಪೊಲೀಸರು ಬರೆಯುತ್ತಿದ್ದರು, ನಾನಲ್ಲ.

ಆ ಮೂವರಲ್ಲಿ ನಾನೂ ಒಬ್ಬ. ಕಾಲೇಜು, ಊರು, ಜನ ಯಾರನ್ನೂ ಗುರುತು ಹಿಡಿಯಲು ಆಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅವುಗಳಲ್ಲಿ ಎರಡು ದೊಡ್ಡವು ನನ್ನವೇ.

ಹಿನ್ನೆಲೆ

ಪ್ರವಾಸದ ಯೋಚನೆ ಭೂಗೋಳದ ಮೇಡಂ ಅವರದು. ನಮ್ಮ ಹುಡುಗರಲ್ಲಿ ಜಾಸ್ತಿ ಜನ ಚಳ್ಳಕೆರೆ, ಪರಶುರಾಂಪುರ, ಹಿರಿಯೂರು, ಹೊಸದುರ್ಗದ ಕಡೆಯವರು. ವೇದಾವತಿ ಅಂದರೆ ಅವರಿಗೆ ಗೊತ್ತು, ಆದರೆ ಮರಳಿನ ಹೊಳೆಯಾಗಿ ಗೊತ್ತು. ಕೆಳಗಿನ ಊರುಗಳಲ್ಲಿ ಅದಕ್ಕೆ ಹಗರಿ ಅಂತಲೂ ಹೆಸರು. ಈ ಹೊಳೆ ಹುಟ್ಟೋದು ಎಲ್ಲಿ ಅಂತ ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, ‘ಮಾರಿಕಣಿವೆಲಿ ಮೇಡಂ’ ಅಂದನಂತೆ. ಮಾರಿಕಣಿವೆ ಅಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು. ನಗುವಂಥ ಉತ್ತರವೇನಲ್ಲ. ಬಯಲುಸೀಮೆಯವರಿಗೆ ನೀರು ಕಾಣಿಸುವುದೇ ಅಲ್ಲಿಂದ ಅಲ್ವಾ.

ಹಾಗಾಗಿ ಹೊಳೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋಗುವುದು ಅಂತ ತೀರ್ಮಾನವಾಯಿತು. ಮೊದಲು ವಾಣಿವಿಲಾಸ ಸಾಗರ. 1897ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. 2025ರಲ್ಲೂ ಬಿತ್ತು. ಅಲ್ಲಿಂದ ಹೊಸದುರ್ಗ, ಕಡೂರು. ವೇದಾ ಮತ್ತು ಅವತಿ ಎಂಬ ಎರಡು ಸಣ್ಣ ಹೊಳೆಗಳು ಕಡೂರು ಸೀಮೆಯಲ್ಲಿ ಸೇರಿ ವೇದಾವತಿ ಆಗುತ್ತವೆ. ಅವು ಇಳಿದು ಬರುವುದು ಬಾಬಾಬುಡನ್‌ಗಿರಿ ಸಾಲಿನ ಮೂಡಣ ಮೈಯಿಂದ. ಅಲ್ಲಿಗೆ ಹತ್ತಿ, ಮಳೆ ಎಲ್ಲಿ ನಿಲ್ಲುತ್ತದೆ, ನಮ್ಮೂರಿಗೆ ಯಾಕೆ ಬರೋದಿಲ್ಲ ಅಂತ ಕಣ್ಣಾರೆ ತೋರಿಸುವುದು. ಎರಡನೇ ದಿನ ಕೆಮ್ಮಣ್ಣುಗುಂಡಿ, ಲಿಂಗದಹಳ್ಳಿ, ತರೀಕೆರೆ ಮೇಲೆ ವಾಪಸ್.

ಇನ್ನೊಂದು ಕಾರಣವೂ ಇತ್ತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ನಾಲ್ವರು ಶಾಲಾ ಹುಡುಗಿಯರು ಸಮುದ್ರದ ಪಾಲಾದ ಮೇಲೆ ನಮ್ಮ ಕಡೆಯ ಪೋಷಕರು ಪ್ರವಾಸ ಅಂದರೆ ಬೆಚ್ಚುತ್ತಿದ್ದರು. ‘ನೀರಿನ ಸಹವಾಸ ಬೇಡ, ಬೆಟ್ಟ ವಾಸಿ’ ಅಂತ ನಾವೇ ಅವರಿಗೆ ಸಮಾಧಾನ ಹೇಳಿದ್ದೆವು. ಒಪ್ಪಿಗೆ ಪತ್ರ, ಪ್ರಾಂಶುಪಾಲರ ಅನುಮತಿ, ಔಷಧಿ ಪೆಟ್ಟಿಗೆ, ರಕ್ತದ ಗುಂಪಿನ ಪಟ್ಟಿ ಎಲ್ಲ ಇತ್ತು. ಫೈಲ್ ನೋಡಿದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಮೇಲಿನ ರಸ್ತೆಗೆ ಉದ್ದನೆಯ ಬಸ್ಸು ಆಗಿಬರೋದಿಲ್ಲ ಅಂತ ತಿಳಿದಿದ್ದರಿಂದ ಸಣ್ಣ ಗಾಡಿ ಎರಡು ಹಿಡಿದೆವು. ಬಾಡಿಗೆ ಕಿಲೋಮೀಟರ್ ಲೆಕ್ಕ. ಮೂರು ಕಡೆ ಕೇಳಿ, ಕಡಿಮೆ ಹೇಳಿದವರಿಗೆ ಕೊಟ್ಟೆವು. ಗಾಡಿಯ ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ನೋಡಿದೆವು. ಚಾಲಕರು ಯಾರು, ಹಿಂದಿನ ದಿನ ಎಲ್ಲಿದ್ದರು, ಘಾಟಿ ಓಡಿಸಿದ್ದಾರಾ ಅಂತ ಯಾರೂ ಕೇಳಲಿಲ್ಲ.

ಸಮಯ ಜಾರಿದ್ದು

ಬೆಳಗ್ಗೆ ಐದೂವರೆಗೆ ಹೊರಟೆವು. ಮಾರಿಕಣಿವೆಯಲ್ಲಿ ಅರ್ಧ ಗಂಟೆ ಅಂತ ಬರೆದುಕೊಂಡಿದ್ದೆವು, ಎರಡು ಗಂಟೆ ಆಯಿತು. ಬೇಸರವೇನೂ ಇರಲಿಲ್ಲ. ತುಂಬಿದ ಕೆರೆ ನೋಡಿ ಹುಡುಗರು ಅಲ್ಲಾಡಲಿಲ್ಲ. ಒಬ್ಬಳು ಅಜ್ಜಿಗೆ ವಿಡಿಯೋ ಕರೆ ಮಾಡಿ ನೀರು ತೋರಿಸಿದಳು. ಹೊಸದುರ್ಗದಲ್ಲಿ ತಿಂಡಿ, ಚಿಕ್ಕಮಗಳೂರಿನಲ್ಲಿ ಊಟ. ಊಟ ಜಾಸ್ತಿಯೇ ಆಯಿತು. ಕೈಮರ ದಾಟಿ ತಿರುವುಗಳು ಶುರುವಾಗುತ್ತಲೇ ಒಬ್ಬೊಬ್ಬರಾಗಿ ಕಿಟಕಿಗೆ ತಲೆ ಹಾಕಿದರು. ಸಪಾಟು ರಸ್ತೆಯ ಮಕ್ಕಳು. ಕಿವಿಯೊಳಗಿನ ಅಂಗ ‘ತಿರುಗುತ್ತಿದ್ದೇವೆ’ ಅನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ, ಸುಮ್ನೆ ಕೂತಿದ್ದೇವೆ’ ಅನ್ನುತ್ತದೆ. ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ನಾಲ್ಕು ಕಡೆ ನಿಲ್ಲಿಸಬೇಕಾಯಿತು. ಬೆಟ್ಟದ ಮೇಲೆ ಹೋದಾಗ ನಾಲ್ಕೂವರೆ.

ಅಲ್ಲಿ ಮೇಡಂ ಹೇಳಿದ ಪಾಠ ನಾನು ಮರೆಯುವುದಿಲ್ಲ. ಸಮುದ್ರದಿಂದ ಬಂದ ಗಾಳಿ ಈ ಗೋಡೆಗೆ ಬಡಿದು ಮೇಲೇರಿ ತಣ್ಣಗಾಗಿ ಮಳೆಯಾಗುತ್ತದೆ, ದಾಟಿ ಬರುವಷ್ಟರಲ್ಲಿ ಕೈ ಬರಿದು, ನಾವಿರುವುದು ಆ ಬರಿಗೈಯ ಮಗ್ಗುಲಲ್ಲಿ ಅಂದರು. ಹುಲ್ಲುಗಾವಲಿನ ಮಡಿಲಲ್ಲಿ ಕಪ್ಪಗೆ ಕಾಣುವ ಶೋಲಾ ಕಾಡು ತೋರಿಸಿ, ಇದು ಸ್ಪಂಜಿನ ಹಾಗೆ, ಮಳೆ ಹೀರಿಕೊಂಡು ಬೇಸಿಗೆವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ ಅಂದರು. ಆಮೇಲೆ ಒಂದು ಮಾತು: ಈ ದಿಣ್ಣೆಯ ಪಡುವಣಕ್ಕೆ ಬಿದ್ದ ಹನಿ ಭದ್ರೆಗೆ ಹೋಗುತ್ತದೆ, ಮೂಡಣಕ್ಕೆ ಬಿದ್ದದ್ದು ವೇದಾವತಿಗೆ. ಎರಡೂ ಎಷ್ಟೋ ದೂರ ಸುತ್ತಿ ಕೊನೆಗೆ ತುಂಗಭದ್ರೆಯಲ್ಲೇ ಸೇರುತ್ತವೆ. ಈಗ ಭದ್ರಾ ಮೇಲ್ದಂಡೆ ಯೋಜನೆ ಭದ್ರೆಯ ನೀರನ್ನು ಮಾರಿಕಣಿವೆಯಲ್ಲೇ ಸೇರಿಸುತ್ತಿದೆ. ಪರಶುರಾಂಪುರದ ಒಬ್ಬ ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಅಷ್ಟರಲ್ಲಿ ಮಾಣಿಕ್ಯಧಾರಾ ಜಲಪಾತ ನೋಡಲೇಬೇಕು ಅಂತ ಹುಡುಗರು ಹಟ ಹಿಡಿದರು. ಮೇಡಂ ಗಡಿಯಾರ ನೋಡಿದರು. ನಮ್ಮ ಹಿರಿಯ ಅರ್ಥಶಾಸ್ತ್ರದ ಸರ್ ‘ಇಷ್ಟು ದೂರ ಬಂದಿದ್ದೇವೆ’ ಅಂದರು. ನಾನು ಏನೂ ಹೇಳಲಿಲ್ಲ. ಮೂವರಲ್ಲಿ ಒಬ್ಬರು ಬೇಡ, ಒಬ್ಬರು ಬೇಕು, ಒಬ್ಬ ಸುಮ್ಮನೆ ಅಂದರೆ ಹೋಗುವುದು ಅಂತಲೇ ಅರ್ಥ. ಇಳಿಯಲು ಶುರು ಮಾಡಿದಾಗ ಸೂರ್ಯ ಮುಳುಗುತ್ತಿದ್ದ. ಅತ್ತಿಗುಂಡಿ ದಾಟುವಷ್ಟರಲ್ಲಿ ಕತ್ತಲೆ, ಜೊತೆಗೆ ಮಂಜು.

ವಾಸನೆ

ಮೇಡಂ ಇದ್ದ ಗಾಡಿ ಮುಂದೆ. ನಾನು, ಹಿರಿಯ ಸರ್, 15 ಹುಡುಗರು ಹಿಂದಿನದರಲ್ಲಿ. ಮುಂದಿನ ಸೀಟಿನಲ್ಲಿ ಚಳ್ಳಕೆರೆಯ ಹುಡುಗ ಕೂತಿದ್ದ. ವಾಂತಿ ಮಾಡಿಕೊಂಡಿದ್ದರಿಂದ ಅವನಿಗೆ ಆ ಜಾಗ ಸಿಕ್ಕಿತ್ತು. ರಜೆಯಲ್ಲಿ ಮಾವನ ಗ್ಯಾರೇಜಿನಲ್ಲಿ ಕೆಲಸ ಮಾಡುವವನು.

ಕವಿಕಲ್ ಗಂಡಿ ದಾಟಿ ಕೈಮರದ ಕಡೆ ಇಳಿಯುವಾಗ ಅವನು ಚಾಲಕನಿಗೆ ಮೆಲ್ಲಗೆ, ‘ಅಣ್ಣಾ, ಲೈನರ್ ವಾಸನೆ ಬರ್ತೈತೆ’ ಅಂದ. ಲೈನರ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರದ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ.

‘ಏನಿಲ್ಲ, ಸುಮ್ನೆ ಕೂತ್ಕಳಪ್ಪ.’

ಎರಡು ತಿರುವಿನ ಮೇಲೆ ಹಿಂದಕ್ಕೆ ತಿರುಗಿ ನನಗೆ ಹೇಳಿದ. ನನಗೂ ವಾಸನೆ ಬಂದಿತ್ತು. ‘ತೋಟದಲ್ಲಿ ಎಲೆ ಸುಡ್ತಿರಬೇಕು ಕಣೋ’ ಅಂದೆ. ನಾನು ಭೌತಶಾಸ್ತ್ರ ಹೇಳುವವನು. ಘರ್ಷಣೆ ಅಂದರೆ ಏನು, ಶಾಖ ಎಲ್ಲಿಂದ ಬರುತ್ತದೆ ಅಂತ ವರ್ಷಕ್ಕೆ ನಾಲ್ಕು ತರಗತಿಗೆ ಬರೆಸುವವನು. ಮಂಜಿನಲ್ಲಿ, ಡಿಸೆಂಬರ್ ಚಳಿಯಲ್ಲಿ, ಯಾವ ತೋಟದವನು ರಾತ್ರಿ ಎಲೆ ಸುಡುತ್ತಾನೆ? ಅದು ಎಲೆಯ ವಾಸನೆ ಅಲ್ಲ ಅಂತ ನನ್ನ ಮೂಗಿಗೆ ಗೊತ್ತಿತ್ತು. ಗಾಡಿ ನಿಲ್ಲಿಸಿದರೆ ಇನ್ನೂ ತಡ ಅನ್ನುವುದು ತಲೆಯಲ್ಲಿತ್ತು. ತಲೆ ಗೆದ್ದಿತು.

ಮೂರನೇ ಸಲ ಅವನು ಕೇಳಲಿಲ್ಲ, ಕೂಗಿದ. ‘ನಿಲ್ಸಣ್ಣ ಗಾಡಿ!’ ಆಗ ನಾನು ಚಾಲಕನ ಕಾಲು ನೋಡಿದೆ. ಬ್ರೇಕನ್ನು ಒಮ್ಮೆ ಒತ್ತುತ್ತಿರಲಿಲ್ಲ, ಮತ್ತೆ ಮತ್ತೆ ತುಳಿಯುತ್ತಿದ್ದ. ನಾನೂ ‘ನಿಲ್ಲಿಸಿ’ ಅಂದೆ. ಪುಣ್ಯಕ್ಕೆ ಆ ಜಾಗದಲ್ಲಿ ಇಳಿಜಾರು ಸ್ವಲ್ಪ ಸಡಿಲವಾಗಿತ್ತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿನ ಗುಪ್ಪೆಗೆ ಎಡಗಡೆ ಚಕ್ರ ಹತ್ತಿಸಿ ನಿಲ್ಲಿಸಿದ. ಆ ಒಂದು ಕೆಲಸ ಚೆನ್ನಾಗಿ ಮಾಡಿದ, ಒಪ್ಪಬೇಕು.

ಆಗಿದ್ದೇನು ಅಂತ ಇಲ್ಲೇ ಬಿಡಿಸಿ ಹೇಳುತ್ತೇನೆ. ಜನ ತುಂಬಿದ ಗಾಡಿ 4 ಟನ್ ಇದೆ ಅಂದುಕೊಳ್ಳಿ. 400 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 1 ಕೋಟಿ 57 ಲಕ್ಷ ಜೂಲ್. 50 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಸಣ್ಣ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆಹಿಡಿಯುತ್ತದೆ. ನ್ಯೂಟ್ರಲ್‌ಗೆ ಹಾಕಿ, ಅಂದರೆ ಯಾವ ಗೇರೂ ಇಲ್ಲದೆ, ಇಳಿದರೆ ಪೂರ್ತಿ ಬ್ರೇಕಿನ ತಲೆ ಮೇಲೆ. ಲೈನರ್ ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಹಳೆಯದಾದರೆ ಇನ್ನೂ ಕಷ್ಟ, ಯಾಕಂದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ತುಳಿದರೆ ಗುಳ್ಳೆ ಅಮುಕುತ್ತದೆ, ಚಕ್ರ ನಿಲ್ಲುವುದಿಲ್ಲ. ನಮ್ಮ ಚಾಲಕ ನ್ಯೂಟ್ರಲ್‌ನಲ್ಲೇ ಇಳಿಯುತ್ತಿದ್ದ.

ನಿಂತ ಮೇಲೆ

ಎಲ್ಲರನ್ನೂ ಗುಡ್ಡದ ಬದಿಗೆ ಇಳಿಸಿ ಗಾಡಿಯ ಹಿಂದೆಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡೆವು. ಚಕ್ರಕ್ಕೆ ಕಲ್ಲು ಕೊಟ್ಟೆವು. ಒಬ್ಬ ಬಾಟಲಿಯ ನೀರು ತಂದು ಚಕ್ರಕ್ಕೆ ಸುರಿಯಲು ಹೋದ. ‘ಲೇ, ಕಾದ ಡ್ರಮ್ಮಿಗೆ ನೀರ್ ಹಾಕಿದ್ರೆ ಸೀಳ್ತೈತೆ’ ಅಂತ ಗ್ಯಾರೇಜಿನ ಹುಡುಗ ತಡೆದ. ಇಬ್ಬರನ್ನು ಮೇಲಿನ ತಿರುವಿಗೆ ಮೊಬೈಲ್ ಟಾರ್ಚ್ ಹಿಡಿದು ನಿಲ್ಲಿಸಿದೆವು. ಈಗ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ. ಮಂಜಿನ ತಿರುವಿನಲ್ಲಿ ನಿಲ್ಲಬೇಕಾದವನು ನಾನು, ಹುಡುಗರಲ್ಲ.

ಸಿಗ್ನಲ್ ಇಲ್ಲ. ಮುಂದಿನ ಗಾಡಿ ಹೋಗೇಬಿಟ್ಟಿದೆ. ಅರ್ಧ ಗಂಟೆಯಾದ ಮೇಲೆ ಮೇಲಿಂದ ಖಾಲಿ ಜೀಪೊಂದು ಬಂದು ತಾನಾಗಿಯೇ ನಿಂತಿತು. ಸ್ಥಳೀಯ ಚಾಲಕ. ಚಕ್ರದ ಹತ್ತಿರ ಮೂಗು ತಂದು, ‘ನ್ಯೂಟ್ರಾ?’ ಅಂತ ಕೇಳಿದ. ನಮ್ಮವನು ತಲೆ ತಗ್ಗಿಸಿದ. ‘ಹತ್ತೋ ಗೇರಲ್ಲೇ ಇಳೀಬೇಕು ಮಾರಾಯ’ ಅಂದ ಅವನು, ಬೈಯುವ ದನಿಯಲ್ಲೇನೂ ಅಲ್ಲ. ಅವನ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ಗಾಡಿ ಮಾಲೀಕರಿಗೆ ಹಚ್ಚಿದೆವು. ‘ತಣ್ಣಗಾದ್ರೆ ನಿಧಾನಕ್ಕೆ ಇಳ್ಸಿ, ಏನಾಗಲ್ಲ’ ಅಂತ ಉತ್ತರ.

ಇಡೀ ಪ್ರಕರಣದ ತಿರುವು ಇಲ್ಲಿದೆ. ಐವತ್ತು ನಿಮಿಷ ಕಳೆದಿತ್ತು. ಪೆಡಲ್ ಗಟ್ಟಿಯಾಗಿತ್ತು. ಚಾಲಕ ಹೋಗಬಹುದು ಅಂದ. ಹಿರಿಯ ಸರ್ ಕೂಡ ಅದನ್ನೇ ಅಂದರು, ಮತ್ತು ಅವರ ವಾದ ಸುಳ್ಳಾಗಿರಲಿಲ್ಲ: ಕತ್ತಲಲ್ಲಿ ತಿರುವಿನ ಪಕ್ಕ 15 ಮಕ್ಕಳನ್ನು ನಿಲ್ಲಿಸಿಕೊಳ್ಳುವುದೂ ಅಪಾಯವೇ. ನಾನು ಗ್ಯಾರೇಜಿನ ಹುಡುಗನನ್ನು ಕೇಳಿದೆ. ‘ನಮ್ ಮಾವ ಆಗಿದ್ರೆ ಬಿಚ್ಚಿ ನೋಡ್ದೆ ಜನ ಹತ್ತಿಸ್ತಿರಲಿಲ್ಲ ಸರ್’ ಅಂದ. ಅಷ್ಟೇ ಸಾಕಾಯಿತು. ಮಕ್ಕಳು ಜೀಪಿನಲ್ಲಿ ಎರಡು ಸರದಿಯಲ್ಲಿ ಕೈಮರಕ್ಕೆ ಇಳಿಯುವುದು, ಗಾಡಿ ಖಾಲಿಯಾಗಿ ಕೊನೆಗೆ ಬರುವುದು ಅಂತಾಯಿತು. ಜೀಪಿನವನು ಎರಡು ಸರದಿಗೆ 2,400 ರೂಪಾಯಿ ಕೇಳಿದ. ಚೌಕಾಸಿ ಮಾಡಲಿಲ್ಲ.

ಖಾಲಿ ಗಾಡಿಯಲ್ಲಿ ಚಾಲಕನ ಪಕ್ಕ ನಾನು ಕೂತೆ. ಧೈರ್ಯ ಅಂತಲ್ಲ, ಅವನೊಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ಎರಡನೇ ಗೇರಿನಲ್ಲಿ, ಎಂಜಿನ್ ಗುರುಗುಡುತ್ತಾ ಇಳಿದೆವು. ಆ ದಾರಿಯಲ್ಲಿ ಅವನು ಬಾಯಿಬಿಟ್ಟ. ಮಂತ್ರಾಲಯದ ಟ್ರಿಪ್ ಮುಗಿಸಿ ಹಿಂದಿನ ರಾತ್ರಿ ಹನ್ನೆರಡಕ್ಕೆ ಬಂದಿದ್ದನಂತೆ. ನಾಲ್ಕು ಗಂಟೆ ನಿದ್ದೆ. ಜನ ತುಂಬಿಕೊಂಡು ಘಾಟಿ ಹತ್ತಿದ್ದು ಇದೇ ಮೊದಲು. ಡೀಸೆಲ್ ಕಿಲೋಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಜಾಸ್ತಿ ಕುಡಿದರೆ ಭತ್ಯೆಯಲ್ಲಿ ಮುರಿಯುತ್ತಾರೆ, ಅದಕ್ಕೇ ಇಳಿಜಾರು ಸಿಕ್ಕಿದರೆ ನ್ಯೂಟ್ರಲ್. ಚಾಲಕರಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ, 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ 1961ರ ಕಾಯ್ದೆಯೇ ಹೇಳುತ್ತಿತ್ತು. ಕಡಿಮೆ ಬಾಡಿಗೆ ಸಿಕ್ಕಿತು ಅಂತ ಖುಷಿಪಟ್ಟವರು ನಾವು. ಆ ಕಡಿಮೆ ಎಲ್ಲಿಂದ ಬಂತು ಅಂತ ಗೊತ್ತಾದದ್ದು ಆ ಇಳಿಜಾರಿನಲ್ಲಿ.

ಫೋನ್ ಮಾಡದೇ ಇದ್ದದ್ದು

ಕೈಮರದಲ್ಲಿ ಸಿಗ್ನಲ್ ಬಂತು. ಈಗಲೇ ಪೋಷಕರಿಗೆ ಹೇಳೋಣ ಅಂದರು ಮುಂದೆ ಹೋಗಿದ್ದ ಮೇಡಂ. ನಾನೂ ಹಿರಿಯ ಸರ್ ಕೂಡ, ಲಾಡ್ಜ್ ಮುಟ್ಟಿ ಊಟ ಮಾಡಿಸಿ ಹೇಳೋಣ, ಸುಮ್ನೆ ಯಾಕೆ ಗಾಬರಿ ಅಂದೆವು. ಇದು ನನ್ನ ಎರಡನೇ ತಪ್ಪು. ವಾಸನೆಯ ತಪ್ಪಿಗಿಂತ ಇದು ಸಣ್ಣದು ಅಂತ ನನಗೆ ಅನಿಸೋದಿಲ್ಲ.

ಅಷ್ಟರಲ್ಲಿ ಯಾರೋ ಚಕ್ರಕ್ಕೆ ಕೊಟ್ಟ ಕಲ್ಲಿನ ಫೋಟೋ ಹಾಕಿ ‘ಬ್ರೇಕ್ ಫೇಲ್’ ಅಂತ ಸ್ಟೇಟಸ್ ಇಟ್ಟಿದ್ದ. ಒಂಬತ್ತು ಗಂಟೆಗೆ ಊರುಗಳಲ್ಲಿ ಅದು ‘ಗಾಡಿ ಪಲ್ಟಿ’ ಆಗಿತ್ತು. ಮನೆಯವರು ಮಕ್ಕಳಿಗೆ ಕರೆ ಮಾಡಿದರೆ ಫೋನ್ ಸ್ವಿಚ್ ಆಫ್. ಗುಡ್ಡದಲ್ಲಿ ಟಾರ್ಚ್ ಹಿಡಿದೂ ಹಿಡಿದೂ ಬ್ಯಾಟರಿ ಸತ್ತಿತ್ತು. ಮಗ ಫೋನ್ ಎತ್ತುತ್ತಿಲ್ಲ, ಗಾಡಿ ಪಲ್ಟಿಯಂತೆ ಅಂದರೆ ತಾಯಿ ಏನು ಅಂದುಕೊಳ್ಳಬೇಕು? ನನ್ನ ಫೋನಿಗೆ ಆ ರಾತ್ರಿ ಎಷ್ಟು ಕರೆ ಬಂದವು ಅಂತ ಎಣಿಸಲಿಲ್ಲ.

ರಾತ್ರಿ ಒಂದೂವರೆಗೆ ಲಾಡ್ಜ್ ಮುಂದೆ ಒಂದು ಕಾರು ನಿಂತಿತು. ಹೊಸದುರ್ಗದ ಕಡೆಯ ಒಬ್ಬ ತಂದೆ, ಪಕ್ಕದ ಮನೆಯವರ ಕಾರು ಕೇಳಿಕೊಂಡು ಬಂದಿದ್ದರು. ಮಗಳನ್ನು ಎಬ್ಬಿಸಿ ತೋರಿಸಿದೆವು. ತಲೆ ಸವರಿ, ‘ಮಲಕ್ಕಾ ಹೋಗವ್ವ’ ಅಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ನೀರು ಕುಡಿದು, ‘ಒಂದ್ ಫೋನ್ ಮಾಡಿದ್ರೆ ಸಾಕಿತ್ತಲ್ಲ ಮೇಷ್ಟ್ರೆ’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ದಿನ

ಬೆಳಗ್ಗೆ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದೆವು. ಹಿಂದಿನ ಲೈನರ್‌ಗಳು ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿದ್ದವು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತಣ್ಣಗಾಗಿ ಪೆಡಲ್ ಗಟ್ಟಿಯಾಗಿದ್ದಕ್ಕೂ ಬ್ರೇಕ್ ಸರಿಯಾಗಿರುವುದಕ್ಕೂ ಸಂಬಂಧ ಇರಲಿಲ್ಲ. ಅಂದರೆ ರಾತ್ರಿ ‘ನಿಧಾನಕ್ಕೆ ಇಳಿಸಿ’ ಅನ್ನುವ ಮಾತು ಕೇಳಿದ್ದರೆ ಏನಾಗುತ್ತಿತ್ತೋ. ಏನೂ ಆಗದೆಯೂ ಇರಬಹುದಿತ್ತು. ಆಗ ನಾವು ಏನನ್ನೂ ಕಲಿಯದೆ ಕೆಮ್ಮಣ್ಣುಗುಂಡಿ ಹತ್ತುತ್ತಿದ್ದೆವು.

ಕೆಮ್ಮಣ್ಣುಗುಂಡಿ ಬಿಟ್ಟೆವು. ಹುಡುಗರ ಮುಖ ಬಾಡಿತು. ಗಾಡಿ ರಿಪೇರಿ ಮಧ್ಯಾಹ್ನದವರೆಗೆ ಆಯಿತು, ಅಲ್ಲಿವರೆಗೆ ಚಾಲಕ ಮಲಗಲೇಬೇಕು ಅಂತ ಒಂದು ರೂಮು ಕೊಟ್ಟೆವು. ಆಮೇಲೆ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣ, ಅಲ್ಲಿಂದ ಶಕುನಗಿರಿ ಬೆಟ್ಟದ ಬುಡದ ಅಯ್ಯನಕೆರೆ. ಪಟ್ಟಿಯಲ್ಲಿ ಅದು ‘ಸಮಯ ಇದ್ದರೆ’ ಅಂತ ಇತ್ತು. ಏರಿಯ ಮೇಲೆ ಮೂರು ಗಂಟೆ ಕೂತೆವು. ಹಿಂದಿನ ದಿನ ಮೇಲಿಂದ ತೋರಿಸಿದ ಬೆಟ್ಟದ ನೀರು ಇಲ್ಲಿ ಕೆರೆಯಾಗಿ ನಿಂತಿತ್ತು. ಹುಡುಗರು ಕೆಳಗಿನ ಗದ್ದೆಯವರ ಹತ್ತಿರ ಹೋಗಿ ತೂಬು ಯಾವಾಗ ಎತ್ತುತ್ತಾರೆ, ನೀರಿಗೆ ಜಗಳ ಆಗುತ್ತಾ ಅಂತ ಕೇಳಿ ಬರೆದುಕೊಂಡರು. ವರದಿಗಳಲ್ಲಿ ಅತ್ಯುತ್ತಮ ಪುಟಗಳು ಬಂದದ್ದು ಅವಸರವಿಲ್ಲದ ಆ ಮೂರು ಗಂಟೆಯಿಂದ.

ಇದರಿಂದ ತೆಗೆದುಕೊಂಡದ್ದು

ಕಾಲೇಜಿನಲ್ಲಿ ಮರುಪರಿಶೀಲನೆ ಸಭೆ ನಡೆದಾಗ ಎಲ್ಲರೂ ಚಾಲಕನತ್ತ ಬೆರಳು ತೋರಿಸಿದರು. ಸುಲಭ ಅದು. ನನ್ನ ಲೆಕ್ಕ ಬೇರೆ. ವಾಸನೆ ಮೊದಲು ಗೊತ್ತಾದದ್ದು ಒಬ್ಬ ಹುಡುಗನಿಗೆ. ಅವನು ಮೂರು ಸಲ ಹೇಳಬೇಕಾಯಿತು, ಮೂರನೆಯದನ್ನು ಕೂಗಿ ಹೇಳಬೇಕಾಯಿತು. ‘ನಿಲ್ಲಿಸಿ’ ಅನ್ನುವ ಹಕ್ಕು ಯಾರದು ಅಂತ ನಮ್ಮ ಫೈಲಿನ ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಬರೆಯದೆ ಇದ್ದರೆ ಅದು ವಯಸ್ಸಿನಲ್ಲಿ ಹಿರಿಯರದು ಆಗಿಬಿಡುತ್ತದೆ. ಹಿರಿಯರಿಗೆ ತಡವಾಗುವ ಚಿಂತೆ ಜಾಸ್ತಿ.

ಈಗ ಹೊರಡುವ ಮುಂಚೆ ಗಾಡಿಯಲ್ಲೇ ಒಂದು ಮಾತು ಹೇಳುತ್ತೇವೆ. ಯಾರು ಬೇಕಾದರೂ ನಿಲ್ಲಿಸಿ ಅನ್ನಬಹುದು, ಕಾರಣ ನಿಂತ ಮೇಲೆ ಕೇಳುತ್ತೇವೆ. ಹೋದ ಪ್ರವಾಸದಲ್ಲಿ ಒಬ್ಬಳು ಎರಡು ಸಲ ನಿಲ್ಲಿಸಿದಳು, ಎರಡೂ ಸಲ ಏನೂ ಇರಲಿಲ್ಲ. ಯಾರೂ ರೇಗಿಸಬಾರದು ಅಂತ ಮೇಡಂ ಕಣ್ಣು ಬಿಟ್ಟರು. ಚಾಲಕ ಹಿಂದಿನ ರಾತ್ರಿ ಮನೆಯಲ್ಲಿ ಮಲಗಿರಬೇಕು ಅಂತ ಬಾಡಿಗೆ ಮಾತಿನಲ್ಲೇ ಸೇರಿಸುತ್ತೇವೆ, ಡೀಸೆಲನ್ನು ನಾವೇ ಹಾಕಿಸುತ್ತೇವೆ. ದುಡ್ಡು ಜಾಸ್ತಿ ಆಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಬೆಟ್ಟ ಹತ್ತುವುದಿಲ್ಲ, ಎಷ್ಟು ಹತ್ತಿರ ಬಂದಿದ್ದರೂ. ಪೋಷಕರ ಗುಂಪಿಗೆ ಎರಡು ಗಂಟೆಗೊಂದು ಸಾಲು ಕಳಿಸುವ ಕೆಲಸ ಒಬ್ಬ ವಿದ್ಯಾರ್ಥಿಗೆ ಇರುತ್ತದೆ, ಕೆಟ್ಟ ಸುದ್ದಿ ಇದ್ದರೆ ಮೊದಲು. ಎರಡೂ ಗಾಡಿ ಒಂದರ ದೀಪ ಒಂದಕ್ಕೆ ಕಾಣುವ ಹಾಗೆ ಹೋಗಬೇಕು.

ಇವೆಲ್ಲ ಮಾಡಿಯೂ ಒಂದು ಬಗೆಹರಿಯಲಿಲ್ಲ. ಜೀಪಿನ 2,400ಕ್ಕೆ ರಶೀದಿ ಇರಲಿಲ್ಲ. ಕಚೇರಿಯವರು ಒಪ್ಪಲಿಲ್ಲ. ಕೈಬರಹದ ವೋಚರ್ ಮಾಡಿ, ‘ಉದ್ದೇಶ’ ಅನ್ನುವ ಜಾಗದಲ್ಲಿ ‘15 ವಿದ್ಯಾರ್ಥಿಗಳನ್ನು ಕೆಳಗೆ ಇಳಿಸಿದ್ದು’ ಅಂತ ಬರೆದೆ. ಲೆಕ್ಕದ ವಿಭಾಗದವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆ ಹಾಕಿ ಕಳಿಸಿದರು: ‘ಹತ್ತಿಸಲು ಬಾಡಿಗೆ ಗಾಡಿ ಇರುವಾಗ ಇಳಿಸಲು ಬೇರೆ ಗಾಡಿ ಯಾಕೆ?’ ನಾವು ಮೂವರೂ ಎಂಟೆಂಟು ನೂರು ಹಾಕಿಕೊಂಡು ಮುಗಿಸಿದೆವು.